ಹಗ್ಗ ಕಟ್ಟಿದ ಮರ

ಮರಕ್ಕೆ ಕ್ಷಮೆ ಕೇಳಲಿಕ್ಕೆ ಹನ್ನೊಂದು ಜನ ಕೋಟು, ಟೈ ಹಾಕಿಕೊಂಡು ಬಂದಿದ್ದರು. ಅದೂ ಕುವೈತಿನ ಮೇ ತಿಂಗಳ ಬಿಸಿಲಿನಲ್ಲಿ. ಇದನ್ನು ಯಾರ ಹತ್ತಿರ ಹೇಳಿದರೂ ಮೊದಲು ನಗುತ್ತಾರೆ. ನಗಲಿ. ಆ ಹನ್ನೊಂದು ಜನರಲ್ಲಿ ಒಬ್ಬರಿಗೂ ಕಾಸಿಂ ಕುಂಞಿಯವರ ಕಡೆ ತಿರುಗಿ ಒಂದು ಮಾತು ಹೇಳಬೇಕು ಅನ್ನಿಸಲಿಲ್ಲವಲ್ಲ, ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಇದು 2006ರ ಮಾತು. ಆಗ ನಾನು ಶುವೈಖ್‌ನ ಒಂದು ಕಂಪೆನಿಯಲ್ಲಿ ಸೆಕ್ರೆಟರಿ. ಸೆಕ್ರೆಟರಿ ಅಂದರೆ ಟೈಪ್ ಮಾಡುವುದು, ಫೋನ್ ಎತ್ತುವುದು, ಮ್ಯಾನೇಜರ್ ಮಾಡಿದ ತಪ್ಪಿಗೆ ಒಳ್ಳೆಯ ಇಂಗ್ಲಿಷ್ ಹುಡುಕಿ ಕೊಡುವುದು. ಮ್ಯಾನೇಜರ್ ಶ್ಯಾಮಸುಂದರ್ ಮೈಸೂರಿನವರು, ದೊಡ್ಡ ಇಂಜಿನಿಯರ್. ಮಾತು ಬೆಣ್ಣೆಯಂಥದ್ದು. ರಾಜ್ಯೋತ್ಸವಕ್ಕೆ ವೇದಿಕೆ ಹತ್ತಿದರೆ ‘ಇಲ್ಲಿ ನಾವೆಲ್ಲ ಒಂದೇ ತಾಯಿಯ ಮಕ್ಕಳು’ ಅಂತ ಕಣ್ಣಲ್ಲಿ ನೀರು ತರಿಸುತ್ತಿದ್ದರು. ಮರುದಿನ ಆಫೀಸಿನಲ್ಲಿ ಆ ಮಕ್ಕಳಲ್ಲಿ ಯಾರಿಗೆ ಕುರ್ಚಿ, ಯಾರು ನಿಲ್ಲಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮಹಬೂಲಾದಿಂದ ಆಚೆ, ಸಮುದ್ರದ ಹತ್ತಿರ, ಒಂದು ಜಪಾನೀ ಕಂಪೆನಿ ಪಂಪ್ ಹೌಸ್ ಕಟ್ಟುತ್ತಿತ್ತು. ಜಾಗ ಸಮ ಮಾಡಿ ಕೊಡುವ ಕೆಲಸ ನಮ್ಮದು. ಹಿಂದೆ ಅಲ್ಲಿ ಯಾರದೋ ತೋಟದ ಮನೆ ಇತ್ತಂತೆ. ಮನೆ ಹೋಗಿ, ಬೇಲಿಯ ಉದ್ದಕ್ಕೆ ಐದು ಜಾಲಿ ಮರ, ನಡುವೆ ಒಂದು ಹಳೆಯ ಬೋರೆ ಮರ ಉಳಿದಿತ್ತು. ಅರಬರು ಅದನ್ನು ಸಿದ್ರ್ ಅನ್ನುತ್ತಾರೆ. ಇಬ್ಬರು ಕೈ ಚಾಚಿ ಅಪ್ಪಿದರೂ ಸಾಲದಷ್ಟು ದಪ್ಪ. ಮಧ್ಯಾಹ್ನದ ಊಟಕ್ಕೆ ಇಡೀ ಸೈಟು ಅದರ ನೆರಳಿಗೆ ಬರುತ್ತಿತ್ತು.

ಆ ಮರಕ್ಕೆ ನೀರು ಹಾಕುತ್ತಿದ್ದವರು ಕಾಸಿಂ ಕುಂಞಿ. ಉಳ್ಳಾಲದ ಬ್ಯಾರಿ, ಐವತ್ತನಾಲ್ಕು ವರ್ಷ, ಸೈಟಿನ ನೀರಿನ ಟ್ಯಾಂಕರ್ ಡ್ರೈವರ್. ನಾನು ಬಜಪೆಯ ಕ್ರಿಸ್ತಿಯನ್ ಹೆಂಗಸಾದ್ದರಿಂದ ನನ್ನನ್ನು ಊರಿನ ಕ್ರಮದಲ್ಲಿ ‘ಬಾಯಿ’ ಅನ್ನುತ್ತಿದ್ದರು, ನಾನು ಅವರನ್ನು ‘ಕಾಕ’ ಅನ್ನುತ್ತಿದ್ದೆ. ಧೂಳು ಕೂರಿಸಲು ನೆಲಕ್ಕೆ ನೀರು ಬಿಟ್ಟ ಮೇಲೆ ಟ್ಯಾಂಕಿನ ತಳದಲ್ಲಿ ಉಳಿದದ್ದನ್ನು ಆ ಮರದ ಬುಡಕ್ಕೆ ಬಿಡುತ್ತಿದ್ದರು. ಯಾರೂ ಹೇಳಿದ್ದಲ್ಲ. ಮಗಳು ದೇರಳಕಟ್ಟೆಯಲ್ಲಿ ನರ್ಸಿಂಗ್ ಓದುತ್ತಿದ್ದಳು, ಕಲಿಯುವುದು ಇನ್ನೊಂದು ವರ್ಷ ಇತ್ತು. ‘ಅಷ್ಟರವರೆಗೆ ಇಕಾಮಾ ಒಂದು ಗಟ್ಟಿ ಇದ್ದರೆ ಸಾಕು ಬಾಯಿ’ ಅನ್ನುವುದು ಅವರ ಮಾಮೂಲಿ ಮಾತು. ಇಕಾಮಾ ಅಂದರೆ ಆ ದೇಶದಲ್ಲಿ ಇರಲಿಕ್ಕೆ ಪರವಾನಗಿ, ನಮ್ಮೆಲ್ಲರ ಜುಟ್ಟು. ಕಂಪೆನಿ ಅದನ್ನು ರದ್ದು ಮಾಡಿದರೆ ಮನುಷ್ಯ ವಿಮಾನ ಹತ್ತಬೇಕು.

ಜಪಾನೀಯರ ಕಡೆ ಮುಖ್ಯಸ್ಥರು ಹಿಗುಚಿ ಅಂತ. ಅರವತ್ತು ದಾಟಿದ ಸಣಕಲು ದೇಹ, ಮೆಲ್ಲಗೆ ಒಂದೊಂದೇ ಪದ ಇಟ್ಟು ಇಂಗ್ಲಿಷ್ ಮಾತಾಡುವವರು. ನಕ್ಷೆಯಲ್ಲಿ ಬೋರೆ ಮರ ಇದ್ದಲ್ಲಿ ಕಾರು ನಿಲ್ಲಿಸುವ ಜಾಗ ಬರಬೇಕಿತ್ತು. ಅವರು ಮರ ನೋಡಿದವರೇ ನಕ್ಷೆ ಬದಲಾಯಿಸಿದರು. ಇಷ್ಟು ವಯಸ್ಸಾದ ಮರ ಖಾಲಿ ಇರುವುದಿಲ್ಲ, ಅದರೊಳಗೆ ಕೊದಾಮಾ ಇರುತ್ತದೆ ಅಂತ ನನಗೆ ಹೇಳಿದರು. ಕೊದಾಮಾ ಅಂದರೆ ಮರದ ಜೀವ. ಕಣ್ಣಿಗೆ ಕಾಣುವುದಿಲ್ಲ. ಅವರ ಊರಿನ ಗುಡ್ಡದಲ್ಲಿ ಕೂಗು ಹಾಕಿದರೆ ಆ ಕಡೆಯಿಂದ ತಿರುಗಿ ಕೂಗುವುದು ಅದೇ ಅಂತ ಅವರ ಅಜ್ಜಿ ಹೇಳುತ್ತಿದ್ದಳಂತೆ. ಅದಿರುವ ಮರ ಕಡಿದರೆ ಕಡಿದವನಿಗೂ ಕೇಡು, ಊರಿಗೂ ಕೇಡು. ಅದಕ್ಕೆ ಅಂಥ ಮರಕ್ಕೆ ಸುತ್ತ ದಪ್ಪ ಹಗ್ಗ ಕಟ್ಟಿ ಬಿಳಿ ಕಾಗದ ಇಳಿಬಿಡುತ್ತಾರೆ. ಇದು ಒಬ್ಬರ ಮನೆ, ಮುಟ್ಟಬೇಡಿ ಅಂತ ಅದರ ಅರ್ಥ.

ನನಗೆ ನಗು ಬರಲಿಲ್ಲ. ನಮ್ಮ ಬಜಪೆಯ ಆಚಾರಿ ಹಲಸಿನ ಮರಕ್ಕೆ ಕೊಡಲಿ ಹಾಕುವ ಮುಂಚೆ ಬುಡ ಮುಟ್ಟಿ ಏನೋ ಗುಣುಗುಣು ಅನ್ನುವುದನ್ನು ನಾನೇ ನೋಡಿದ್ದೇನೆ. ನನ್ನ ಅಜ್ಜಿ ಇಗರ್ಜಿ ತಪ್ಪಿಸಿದವಳಲ್ಲ, ಆದರೂ ಅವನ ಗುಣುಗುಣು ಮುಗಿಯುವವರೆಗೆ ಒಳಗಿಂದ ಚಹಾ ಕಳಿಸುತ್ತಿರಲಿಲ್ಲ.

ಜಪಾನಿನಿಂದ ಬರಬೇಕಾದ ಹುಲ್ಲಿನ ಹಗ್ಗ ಬಂದರಿನಲ್ಲಿ ಸಿಕ್ಕಿಬಿತ್ತು. ಅದು ಯಾವ ಬಗೆಯ ಸಾಮಾನು ಅಂತ ಬರೆಯಬೇಕೋ ಯಾರಿಗೂ ಗೊತ್ತಾಗಲಿಲ್ಲ. ಆಗ ಕಾಸಿಂ ಕಾಕ ತಾವೇ ಮುಂದೆ ಬಂದರು. ಹುಡುಗರಾಗಿದ್ದಾಗ ಉಳ್ಳಾಲದಲ್ಲಿ ತೆಂಗಿನ ನಾರಿನ ಹಗ್ಗ ಹೊಸೆದ ಕೈ. ಹಾರ್ಡ್‌ವೇರ್ ಅಂಗಡಿಯಿಂದ ನಾರಿನ ಹಗ್ಗ ತರಿಸಿ, ಬಿಚ್ಚಿ, ತೊಳೆದು, ಪುನಃ ಹೊಸೆಯಲು ಕೂತರು. ಹಿಗುಚಿಯವರದು ಒಂದೇ ಶರತ್ತು: ದಿನಬಳಕೆಯ ಹಗ್ಗಕ್ಕೆ ಕೊಡುವ ತಿರುವು ಬೇಡ, ಎಡಕ್ಕೆ ತಿರುವಿ ಹೊಸೆಯಬೇಕು. ನಲವತ್ತು ವರ್ಷದ ಹಿಂದಿನ ಅಭ್ಯಾಸದ ಅಂಗೈ ಮತ್ತೆ ಮತ್ತೆ ಬಲಕ್ಕೇ ಎಳೆಯುತ್ತಿತ್ತು. ಬಿಚ್ಚುವುದು, ಹೊಸೆಯುವುದು, ಹೀಗೆ ಎರಡು ದಿನ.

“ಕಾಕ, ನಿಮಗೆ ಇದು ಪರವಾಗಿಲ್ವಾ? ಅವರ ದೇವರ ಕೆಲಸ ಅಲ್ವಾ?” ಅಂತ ಕೇಳಿದೆ.

“ಹಗ್ಗ ಹೊಸೆಯುವುದು ಕೆಲಸ ಬಾಯಿ, ಅದಕ್ಕೆ ಎಂತ ತೊಂದರೆ? ಕೈ ಮುಗಿ ಅಂತ ಮಾತ್ರ ಹೇಳಬಾರ್ದು. ಅದು ನನ್ನಿಂದ ಆಗ್ಲಿಕ್ಕಿಲ್ಲ” ಅಂದರು.

ಮಂಗಳವಾರ ಹಗ್ಗ ಕಟ್ಟಿದರು. ಹಿಗುಚಿಯವರು ಬಿಳಿ ಕಾಗದ ಮಡಚಿ ಇಳಿಬಿಟ್ಟರು. ಅದರ ಹಿಂದಿನ ದಿನವೇ ನಮ್ಮ ಆಫೀಸಿಗೆ ಪತ್ರ ಕಳಿಸಿದ್ದರು: ಹಗ್ಗ ಕಟ್ಟಿದ ಮರವನ್ನು ಯಾರೂ ಮುಟ್ಟಬಾರದು, ಎಲ್ಲ ಕೆಲಸಗಾರರಿಗೂ ತಿಳಿಸಿ. ಬಂದ ಪತ್ರಕ್ಕೆ ತಾರೀಕಿನ ಮೊಹರು ಹಾಕಿ ಶ್ಯಾಮಸುಂದರ್ ಮೇಜಿನ ಮೇಲೆ ಇಟ್ಟವಳು ನಾನು. ಅವರು ಮೇಲಿನೆರಡು ಸಾಲು ಓದಿ, “ಜಪಾನ್ ಪುರಾಣ ಆಮೇಲೆ ಓದೋಣ ಬಿಡ್ರೀ” ಅಂತ ಪಕ್ಕಕ್ಕೆ ಸರಿಸಿದರು.

ಜಾಗ ಸಮ ಮಾಡುವ ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಕಡಿಯಬೇಕಾದ ಮರಕ್ಕೆ ಸರ್ವೇಯರ್ ಬಿಳಿ ಪಟ್ಟಿ ಕಟ್ಟಿ ಹೋಗುತ್ತಾನೆ. ಕಡಿಯುವ ಆಳುಗಳು ಕಾಗದ ಓದುವುದಿಲ್ಲ, ಕಟ್ಟಿದ್ದು ಕಂಡರೆ ಕಡಿಯುತ್ತಾರೆ. ಬುಧವಾರ ಬೆಳಿಗ್ಗೆ ಸರ್ವೇಯರ್ ಹೋಗಿ ಐದು ಜಾಲಿ ಮರಕ್ಕೆ ಪಟ್ಟಿ ಕಟ್ಟಬೇಕಿತ್ತು. ಶ್ಯಾಮಸುಂದರ್ ಅವನನ್ನು ಇನ್ನೆಲ್ಲೋ ಅಟ್ಟಿದರು. ಗುರುವಾರ, ಶುಕ್ರವಾರ ರಜೆ, ಅದರೊಳಗೆ ಕೆಲಸ ಮುಗಿದದ್ದು ತೋರಿಸಬೇಕು ಅನ್ನುವ ಅವಸರ ಬೇರೆ. ಕಡಿಯುವ ಗುಂಪಿನ ಫೋರ್‌ಮನ್ ಮುತ್ತಲಿಬ್‌ಗೆ ‘ಗುರುತು ಕಟ್ಟಿದ ಮರಗಳನ್ನು ಇಂದೇ ತೆಗೆಯುವುದು’ ಅಂತ ಆರ್ಡರ್ ಹೋಯಿತು. ಟೈಪ್ ನನ್ನದು, ರುಜು ಅವರದು.

ಹತ್ತೂವರೆಗೆ ಮುತ್ತಲಿಬ್ ಫೋನ್ ಮಾಡಿದ. ಈಜಿಪ್ಟಿನವನು, ಇಂಗ್ಲಿಷ್ ಹಿಂದಿ ಎರಡನ್ನೂ ಕಲಸಿ ಮಾತಾಡುತ್ತಿದ್ದ. “ಮೇಡಂ, ಜಾಲಿಗೆ ಏನೂ ಕಟ್ಟಿಲ್ಲ. ಕಟ್ಟಿರುವುದು ಒಂದೇ ಒಂದು ಮರಕ್ಕೆ, ಅದು ಸಿದ್ರ್. ನಮ್ಮ ಕಡೆ ಸಿದ್ರ್‌ಗೆ ಸುಮ್ಮನೆ ಕೈ ಹಾಕುವುದಿಲ್ಲ. ಕೇಳಿ ಹೇಳಿ” ಅಂದ.

ನಾನು ಶ್ಯಾಮಸುಂದರ್‌ಗೆ ಹಾಗೇ ಹೇಳಿದೆ. “ಸರ್, ಅದು ಹಿಗುಚಿ ಬರೆದ ಮರ ಇರಬೇಕು” ಅಂತಲೂ ಹೇಳಿದೆ. ಅವರು ಇನ್ನೊಂದು ಫೋನಿನಲ್ಲಿದ್ದರು. ಅದರ ಬಾಯಿ ಮುಚ್ಚಿಕೊಂಡು, “ಕಟ್ಟಿದೆ ತಾನೆ? ಕಡೀಲಿಕ್ಕೆ ಹೇಳ್ರೀ, ಖಲಾಸ್” ಅಂದರು. ನಾನು ಹೇಳಿದೆ. ಅರ್ಧ ಗಂಟೆಯೊಳಗೆ ಮರ ನೆಲದ ಮೇಲಿತ್ತು. ಹಿಗುಚಿಯವರು ಯಾವುದೋ ಸಭೆಗೆ ಹೋಗಿದ್ದರು, ಕಾಸಿಂ ಕಾಕ ಟ್ಯಾಂಕರ್ ತುಂಬಿಸಲು ಹೋಗಿದ್ದರು. ಮರದ ಮನೆಯವರಿಬ್ಬರೂ ಇಲ್ಲದ ಹೊತ್ತು ನೋಡಿ ಮಾಡಿದ ಹಾಗಾಯಿತು.

ಕಾಕ ತಿರುಗಿ ಬಂದವರು ಟ್ಯಾಂಕರ್ ನಿಲ್ಲಿಸಿ ಕೆಳಗೆ ಇಳಿಯಲೇ ಇಲ್ಲವಂತೆ.

ಜಪಾನೀಯರು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಸೋಮವಾರ ಮರದ ಬುಡದ ಮುಂದೆ ಕ್ಷಮೆ ಕೇಳುವ ವಿಧಿ ಇದೆ, ತಪ್ಪು ಮಾಡಿದವರು ಸ್ವತಃ ಬಂದು, ಏನು ಮಾಡಿದೆವು ಅಂತ ಕೊದಾಮಾದ ಮುಂದೆ ಬಾಯಿಬಿಟ್ಟು ಹೇಳಿ, ಬಗ್ಗಬೇಕು ಅಂತ ಎರಡು ಸಾಲಿನ ಪತ್ರ ಬಂತು. ಅದಾಗುವವರೆಗೆ ಕೆಲಸ ಬಂದ್.

ಶನಿವಾರ ಬೆಳಿಗ್ಗೆ ಶ್ಯಾಮಸುಂದರ್ ನನ್ನನ್ನು ಕರೆದು ಬಾಗಿಲು ಹಾಕಿಸಿದರು. “ನೋಡ್ರೀ ಲಿಜ್ಜಿ, ಒಬ್ಬ ಬೇಕು. ಕಂಪೆನಿ ಹೋಗಿ ನಿಲ್ಲೋಕಾಗಲ್ಲ. ಆ ಡ್ರೈವರ್ ತಾನೇ ಹಗ್ಗ ಮಾಡಿದ್ದು? ಅವನೇ ಸರಿ” ಅಂದರು. ಆಮೇಲೆ ಹೇಳಿ ಬರೆಸಿದರು: ಕಾಸಿಂ ಕುಂಞಿ ಆದ ನಾನು, ಜಾಲಿ ಮರಕ್ಕೆ ಕಟ್ಟಬೇಕಾದ ಗುರುತನ್ನು ಯಾರನ್ನೂ ಕೇಳದೆ ಬೇರೆ ಮರಕ್ಕೆ ಕಟ್ಟಿದೆ, ಅದರಿಂದ ಮರ ಹೋಯಿತು, ಹೊಣೆ ನನ್ನದು. ಒಂದೊಂದು ಅಕ್ಷರವೂ ಸುಳ್ಳು. ರುಜು ಬಿದ್ದ ಮೇಲೆ ಇಕಾಮಾ ರದ್ದು, ವಾರದೊಳಗೆ ಊರಿಗೆ.

“ಸರ್, ಅವರದೇನೂ ತಪ್ಪಿಲ್ಲವಲ್ಲ” ಅಂದೆ.

“ನಿಮ್ಮ ಮಗ ರಿಯಾನ್ ಈ ವರ್ಷ ಹತ್ತನೇ ಕ್ಲಾಸು ಅಲ್ವಾ? ನಿಮ್ಮೋರ ಕೆಲಸ ಬೇರೆ ಹೋಗಿದೆ ಅಂದ್ರಿ. ಹುಷಾರಾಗಿರಿ ಮೇಡಂ” ಅಂದರು. ಬೈಯಲಿಲ್ಲ, ನಗುತ್ತಲೇ ಹೇಳಿದರು.

ನನ್ನ ಗಂಡ ನೊರ್ಬರ್ಟ್ ಮೂರು ತಿಂಗಳಿಂದ ಮನೆಯಲ್ಲೇ ಇದ್ದರು. ಇಡೀ ಮನೆ ನನ್ನ ಇಕಾಮಾದ ಮೇಲೆ ನಿಂತಿತ್ತು. ನಾನು ಟೈಪ್ ಮಾಡಿದೆ. ಸೈಟಿಗೆ ಹೋಗಿ ಟ್ಯಾಂಕರಿನ ಕಿಟಕಿಯಲ್ಲಿ ಕಾಗದ ಕೊಟ್ಟೆ. ಕಾಕನಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಇಲ್ಲ. “ಇದು ಎಂತದ್ದು ಬಾಯಿ?” ಅಂದರು. ಡೀಸೆಲಿನ ಕಾಗದ ಅಂದೆ. ಸ್ಟೀರಿಂಗ್ ಮೇಲಿಟ್ಟು, ಕನ್ನಡದಲ್ಲಿ ಉರುಟಾಗಿ ‘ಕಾಸಿಂ’ ಅಂತ ಬರೆದು ಕೊಟ್ಟರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಸಿಟ್ಟೆಲ್ಲ ಶ್ಯಾಮಸುಂದರ್ ಮೇಲೇ ಬರುತ್ತಿತ್ತು.

ಸೋಮವಾರ ಆ ಹನ್ನೊಂದು ಜನ ಬಂದರು. ಕಡಿದ ಬುಡದ ಮುಂದೆ ಒಂದು ಚಿಕ್ಕ ಮೇಜು, ಬಿಳಿ ಬಟ್ಟೆ, ಅದರ ಮೇಲೆ ಅಕ್ಕಿ, ಉಪ್ಪು. ಅವರ ಊರಲ್ಲಿ ಮದ್ಯವನ್ನೂ ಇಡುತ್ತಾರಂತೆ. ಕುವೈತಿನಲ್ಲಿ ಅದೆಲ್ಲಿ ಸಿಗಬೇಕು, ಲೋಟದಲ್ಲಿ ನೀರಿಟ್ಟಿದ್ದರು. ಅಕ್ಕಿ ತರಲು ನನಗೆ ಹೇಳಿದ್ದರು, ನಾನು ಮನೆಯಲ್ಲಿದ್ದ ಕುಚ್ಚಲಕ್ಕಿ ತಂದಿದ್ದೆ. ಹಿಗುಚಿಯವರು ಆ ಕೆಂಪು ಕಾಳುಗಳನ್ನು ಸ್ವಲ್ಪ ಹೊತ್ತು ನೋಡಿ, ಇರಲಿ ಅಂದರು. ಅವರ ಮುಖ ಬಾಡಿತ್ತು. ನಿಜವಾದ ದುಃಖ ಅದು, ಸುಳ್ಳು ಹೇಳಬಾರದು.

ಕಾಸಿಂ ಕಾಕನನ್ನು ಇಸ್ತ್ರಿ ಮಾಡಿದ ಅಂಗಿ ಹಾಕಿಸಿ ಕರೆತಂದಿದ್ದರು. ಯಾಕೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಶ್ಯಾಮಸುಂದರ್ ಜೇಬಿನಿಂದ ಆ ಕಾಗದ ತೆಗೆದು, ಬಹಳ ನೊಂದವರ ಹಾಗೆ, ಇಂಗ್ಲಿಷಿನಲ್ಲಿ ಓದಿದರು. ಓದಿ ಮುಗಿಸಿ ಕಾಕನ ಕಡೆ ತಿರುಗಿ, “ಹೂಂ, ಮುಂದೆ ಹೋಗಿ ಬಗ್ಗಯ್ಯ” ಅಂದರು.

“ಯಾರಿಗೆ?”

“ಮರಕ್ಕೆ. ಸುಮ್ನೆ ಒಂದ್ಸಲ ಬಗ್ಗಿ ಎದ್ದೇಳು. ನಿನ್ನ ಗಂಟೇನು ಹೋಗುತ್ತೆ?”

“ಬಗ್ಗುವುದು ನಾನು ಒಬ್ಬನಿಗೇ ಸಾರ್. ಅದು ಬಿಡಿ. ನಾನು ಎಂತ ಮಾಡಿದ್ದೇನೆ?” ಅಂದರು ಕಾಕ.

ಶ್ಯಾಮಸುಂದರ್ ಜಪಾನೀಯರ ಕಡೆ ನೋಡಿ ಇಂಗ್ಲಿಷಿನಲ್ಲಿ, ಇವನು ಓದು ಬರಹ ಇಲ್ಲದವನು, ಧರ್ಮದ ಹಟ ಬೇರೆ, ನಾಡಿದ್ದು ಹೇಗೂ ಕಳಿಸುತ್ತಿದ್ದೇವೆ ಅಂದರು. ಓದು ಬರಹ ಇಲ್ಲದವನು! ಕಾಕ ಹೊಸೆದ ಹಗ್ಗವನ್ನು ಓದಲಿಕ್ಕೆ ಬಾರದೆ ಮರ ಉರುಳಿಸಿದ ಇಂಜಿನಿಯರ್ ಆಡುವ ಮಾತೇ ಅದು? ನನ್ನ ತಲೆಗೆ ರಕ್ತ ಏರಿತು. ರಿಯಾನ್ ನೆನಪಾಗಲಿಲ್ಲ, ನೊರ್ಬರ್ಟ್ ನೆನಪಾಗಲಿಲ್ಲ. ಸೈಟಿನ ಫೈಲು ಕೈಯಲ್ಲೇ ಇತ್ತು.

“ಹಿಗುಚಿ ಸರ್, ಅದು ಸುಳ್ಳು. ಟೈಪ್ ಮಾಡಿದವಳು ನಾನೇ, ನನಗೆ ಗೊತ್ತು” ಅಂದೆ. ಹಿಂದಿನ ಸೋಮವಾರದ ಮೊಹರು ಬಿದ್ದ ಅವರದೇ ಪತ್ರ ತೆಗೆದು ಓದಿದೆ. ಬುಧವಾರದ ಆರ್ಡರ್ ಓದಿದೆ, ಕೆಳಗಿನ ರುಜು ಯಾರದು ಅಂತಲೂ ಓದಿದೆ. ಮುತ್ತಲಿಬ್ ಅಲ್ಲೇ ಹಿಂದೆ ನಿಂತಿದ್ದ. “ನಾನು ಫೋನ್ ಮಾಡಿ ಕೇಳಿದ್ದೆ, ಕಡಿ ಅಂದರು” ಅಂತ ಅವನೂ ಕೂಗಿ ಹೇಳಿದ.

“ಏನ್ರೀ ಇದು ಮೇಡಂ” ಅಂತ ಶ್ಯಾಮಸುಂದರ್ ಕನ್ನಡದಲ್ಲಿ ಹಲ್ಲು ಕಚ್ಚಿದರು.

ಹಿಗುಚಿಯವರು ಎರಡೂ ಕಾಗದ ಇಸಿದುಕೊಂಡು ನಿಧಾನವಾಗಿ ಓದಿದರು. ಕಾಕನ ರುಜು ಇದ್ದದ್ದನ್ನೂ ಶ್ಯಾಮಸುಂದರ್ ಕೈಯಿಂದ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಹರಿದರು. “ಈ ಡ್ರೈವರ್ ನನ್ನ ಸೈಟಿನಲ್ಲೇ ಇರುತ್ತಾರೆ. ಇವರು ಹೋದರೆ ನಿಮ್ಮ ಕಂಪೆನಿಯೂ ಹೋಗುತ್ತದೆ” ಅಂದರು. ಆಮೇಲೆ ಶ್ಯಾಮಸುಂದರ್‌ಗೆ ಮರದ ಬುಡ ತೋರಿಸಿದರು.

ಆಗ ನೋಡಬೇಕಿತ್ತು. ಯಾರಿಗೂ ತಲೆ ತಗ್ಗಿಸದ ಆ ಮನುಷ್ಯ ಸೊಂಟದವರೆಗೆ ಬಗ್ಗಿದರು. ಒಂದು ಸಲವಲ್ಲ, ಮೂರು ಸಲ. ತಪ್ಪಾಯಿತು, ಅವಸರದಲ್ಲಿ ಮಾಡಿದೆ, ನಿಮ್ಮ ಮನೆ ಕೆಡವಿದೆ, ಕ್ಷಮಿಸಿ ಅಂತ ಬುಡಕ್ಕೆ ಹೇಳಿದರು. ಹಿಂದೆ ಎಲ್ಲ ಕೋಟುಗಳೂ ಸಾಲಾಗಿ ಬಗ್ಗಿದವು. ಹಿಗುಚಿಯವರು ಎರಡು ಸಲ ಚಪ್ಪಾಳೆ ತಟ್ಟಿ, ಕಣ್ಣು ಮುಚ್ಚಿ ನಿಂತರು.

ಮುಗಿಯಿತು ಅಂತ ಎಲ್ಲರೂ ಕಾರಿನ ಕಡೆ ಹೊರಟರು. ನಾನು ಅಡ್ಡ ನಿಂತೆ.

“ಸರ್, ಇವರಿಗೂ ಒಂದು ಮಾತು ಹೇಳಿ” ಅಂದೆ.

ಶ್ಯಾಮಸುಂದರ್ ನನ್ನನ್ನು ನೋಡಿದರು, ಕಾಕನನ್ನು ನೋಡಿದರು. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. “ಇವನಿಗಾ? ಯಾಕೆ, ಇವನೇನು ದೇವರಾ?” ಅಂದರು.

ಏನಂದರು ಅಂತ ಹಿಗುಚಿಯವರು ಕೇಳಿದರು. ಇಂಗ್ಲಿಷಿನಲ್ಲಿ ಹೇಳಿದೆ. ಅವರು ನೆಲ ನೋಡಿದರು. ಇದು ನಿಮ್ಮ ಕಂಪೆನಿಯ ಒಳಗಿನ ವಿಷಯ ಅಂತ ಮೆಲ್ಲಗೆ ಹೇಳಿ ಕಾರು ಹತ್ತಿದರು. ಕಣ್ಣಿಗೆ ಕಾಣದ ಕೊದಾಮಾದ ನೋವು ಇವರಿಗೆ ಮುಟ್ಟುತ್ತದೆ. ಎರಡು ದಿನ ಅಂಗೈ ಸವೆಸಿ ಅದಕ್ಕೆ ಹಗ್ಗ ಹೊಸೆದ ಮನುಷ್ಯ ನಾಲ್ಕು ಅಡಿ ದೂರದಲ್ಲಿ ನಿಂತಿದ್ದರೆ ಅದು ಒಳಗಿನ ವಿಷಯ! ಶ್ಯಾಮಸುಂದರ್ ಅಂಥವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಹಿಗುಚಿಯವರ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ, ಅವರು ಒಳ್ಳೆಯವರು ಅಂತಲೇ ಇಳಿದಿಲ್ಲ.

ಕಾರುಗಳು ಹೋದ ಮೇಲೆ ಟ್ಯಾಂಕರಿನ ಹತ್ತಿರ ಹೋದೆ. ಕಾಕ ಪೈಪು ಸುತ್ತುತ್ತಿದ್ದರು. ಅವರು ಏನಾದರೂ ಒಳ್ಳೆಯ ಮಾತು ಹೇಳುತ್ತಾರೆ ಅಂತ ನನ್ನ ಮನಸ್ಸಿನಲ್ಲಿತ್ತು. ಯಾಕೆ ಸುಳ್ಳು ಹೇಳಲಿ, ಅದಕ್ಕೇ ಹೋದದ್ದು. ಎಲ್ಲರ ಮುಂದೆ ಅವರ ಪರವಾಗಿ ನಿಂತವಳು ನಾನೊಬ್ಬಳೇ ಅಲ್ಲವೇ.

“ಬಾಯಿ, ಒಂದು ಕೇಳ್ಲಿಕ್ಕುಂಟು. ಅವರು ಈಗ ಹರಿದರಲ್ಲ, ಆ ಕಾಗದದಲ್ಲಿ ನನ್ನ ರುಜು ಇತ್ತು. ಅದು ಶನಿವಾರದ್ದಾ?”

“ಹೌದು ಕಾಕ.”

“ಅದರಲ್ಲಿ ಎಂತ ಬರೆದಿತ್ತು?”

ಎಲ್ಲ ಹೇಳಿದೆ. ಮರ ಹೋದದ್ದು ನಿಮ್ಮಿಂದಲೇ ಅಂತ ಬರೆದಿತ್ತು, ನಿಮ್ಮನ್ನು ಊರಿಗೆ ಕಳಿಸಲಿಕ್ಕೆ ಬರೆದದ್ದು ಅಂದೆ. ನನ್ನ ಮಗನ ಪರೀಕ್ಷೆ, ಗಂಡನ ಕೆಲಸ, ಶ್ಯಾಮಸುಂದರ್ ಹೆದರಿಸಿದ್ದು, ಅದನ್ನೂ ಹೇಳಿದೆ. ಕ್ಷಮಿಸಿ ಅಂದೆ.

ಕಾಕ ಪೈಪು ಸುತ್ತುವುದನ್ನು ನಿಲ್ಲಿಸಲಿಲ್ಲ. ಕೊನೆಯ ಸುತ್ತು ಹಾಕಿ, ಕೊಕ್ಕೆಗೆ ಸಿಕ್ಕಿಸಿ, ಕೈ ಒರೆಸಿಕೊಂಡರು.

“ಮ್ಯಾನೇಜರ್ ತಂದಿದ್ದರೆ ನಾನು ನಾಲ್ಕು ಜನರ ಹತ್ತಿರ ಓದಿಸ್ತಿದ್ದೆ ಬಾಯಿ” ಅಂದರು. “ನೀವು ತಂದದ್ದಲ್ಲವಾ, ಅದಕ್ಕೆ ಓದಿಸ್ಲಿಲ್ಲ.”